ಕಲಾಸಂಗ್ರಹಾಲಯದ ದತ್ತಿ ಮತ್ತು ಪತ್ರಿಕಾ ಕಡತ: ಬಾರ್ನ್ಸ್ ಪ್ರತಿಷ್ಠಾನದಿಂದ ಕಲಿಯಬೇಕಾದ ಪಾಠ

ದಾನ ಮಾಡಿದವರು ಒಂದು ದಿನ ಇಲ್ಲವಾಗುತ್ತಾರೆ. ದಾನವನ್ನು ಕೈಗೆತ್ತಿಕೊಂಡು ನಡೆಸಿದವರೂ ಕಾಲಕ್ರಮದಲ್ಲಿ ಬದಲಾಗುತ್ತಾರೆ. ಉಳಿಯುವುದು ದಾನದಿಂದ ಹುಟ್ಟಿದ ಸಂಸ್ಥೆಯೊಂದೇ. ಐವತ್ತು ಅಥವಾ ನೂರು ವರ್ಷಗಳ ನಂತರ, ಮೂಲ ದಾನಿಯ ಆಶಯವೇನಾಗಿತ್ತು, ಅದನ್ನು ನಡೆಸಿಕೊಂಡು ಬಂದವರು ಎಲ್ಲಿ ಅದಕ್ಕೆ ನಿಷ್ಠರಾಗಿದ್ದರು, ಎಲ್ಲಿ ದಾರಿ ಬದಲಿಸಿದರು, ಹಾಗೆ ಬದಲಿಸಿದ್ದು ಅನಿವಾರ್ಯವಾಗಿತ್ತೇ ಎಂಬ ಪ್ರಶ್ನೆಗಳು ಎದ್ದಾಗ ಸಾಕ್ಷಿ ನುಡಿಯುವವರು ಯಾರು? ನ್ಯಾಸಪತ್ರ ಮೊದಲನೆಯ ಸಾಕ್ಷಿ. ಆಡಳಿತ ಮಂಡಳಿಯ ನಡವಳಿ ಪುಸ್ತಕ ಎರಡನೆಯದು. ಸರ್ಕಾರದ ಮತ್ತು ನ್ಯಾಯಾಲಯಗಳ ದಾಖಲೆ ಮೂರನೆಯದು. ಇವುಗಳೊಡನೆ ನಾಲ್ಕನೆಯದೊಂದು ಸಾಕ್ಷಿಯಿದೆ. ಅದು ವೃತ್ತಪತ್ರಿಕೆ. ಮೊದಲ ಮೂರನ್ನು ನಾವು ಬೀರುವಿನಲ್ಲಿಟ್ಟು ಬೀಗ ಹಾಕುತ್ತೇವೆ. ನಾಲ್ಕನೆಯದನ್ನು ಓದಿ ಮುಗಿಸಿ, ತಿಂಗಳು ತುಂಬಿದ ಮೇಲೆ ರದ್ದಿಯವನಿಗೆ ತೂಕಕ್ಕೆ ಹಾಕುತ್ತೇವೆ.

ಈ ನಾಲ್ಕನೆಯ ಸಾಕ್ಷಿಯನ್ನು ಏಕೆ ಉಳಿಸಬೇಕು, ಹೇಗೆ ಉಳಿಸಬೇಕು ಎಂಬುದೇ ಪ್ರಸ್ತುತ ಲೇಖನದ ವಿಷಯ. ಬರಿಯ ಉಪದೇಶದಿಂದ ಇದು ಮನಸ್ಸಿಗೆ ನಾಟುವಂಥದಲ್ಲ. ಆದುದರಿಂದ ಉದಾಹರಣೆಗಾಗಿ ಒಂದು ಕಲಾಸಂಗ್ರಹಾಲಯದ ಚರಿತ್ರೆಯನ್ನು ಆರಿಸಿಕೊಂಡಿದ್ದೇನೆ. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಬಾರ್ನ್ಸ್ ಪ್ರತಿಷ್ಠಾನ ಒಬ್ಬನೇ ದಾನಿಯ ಇಚ್ಛೆಯಿಂದ ಹುಟ್ಟಿದ ಧರ್ಮಾರ್ಥ ಸಂಸ್ಥೆ. ಅದರ ಚರಿತ್ರೆಯ ಪ್ರತಿಯೊಂದು ತಿರುವಿನಲ್ಲಿಯೂ ಪತ್ರಿಕೆಗಳು ಕಾಣಿಸಿಕೊಳ್ಳುತ್ತವೆ. ಒಮ್ಮೆ ಟೀಕಾಕಾರನಾಗಿ, ಒಮ್ಮೆ ಫಿರ್ಯಾದಿಯ ಬೆಂಬಲಿಗನಾಗಿ, ಒಮ್ಮೆ ವರದಿಗಾರನಾಗಿ ಅವು ಅಲ್ಲಿ ನಿಂತಿವೆ.

ವೈದ್ಯ, ವ್ಯಾಪಾರಿ, ಸಂಗ್ರಾಹಕ

ಆಲ್ಬರ್ಟ್ ಕೂಂಬ್ಸ್ ಬಾರ್ನ್ಸ್ ೧೮೭೨ರಲ್ಲಿ ಫಿಲಡೆಲ್ಫಿಯ ನಗರದ ಬಡ ಕಾರ್ಮಿಕ ಕುಟುಂಬವೊಂದರಲ್ಲಿ ಜನಿಸಿದನು. ಕಷ್ಟದಿಂದ ವ್ಯಾಸಂಗ ಮಾಡಿ ೧೮೯೨ರಲ್ಲಿ ವೈದ್ಯಪದವಿ ಪಡೆದನು. ಆದರೆ ವೈದ್ಯವೃತ್ತಿಗಿಂತ ಔಷಧ ತಯಾರಿಕೆ ಅವನನ್ನು ಆಕರ್ಷಿಸಿತು. ಹರ್ಮನ್ ಹಿಲ್ಲೆ ಎಂಬ ಜರ್ಮನ್ ರಸಾಯನವಿಜ್ಞಾನಿಯೊಡನೆ ಸೇರಿ ಆರ್ಜಿರಾಲ್ ಎಂಬ, ಬೆಳ್ಳಿಯ ಅಂಶವುಳ್ಳ ಔಷಧವನ್ನು ಮಾರುಕಟ್ಟೆಗೆ ತಂದನು. ನವಜಾತ ಶಿಶುಗಳ ಕಣ್ಣಿಗೆ ತಗಲುವ ಸೋಂಕನ್ನು ತಡೆಯಲು ಇದು ವ್ಯಾಪಕವಾಗಿ ಬಳಕೆಯಾಯಿತು. ಬಾರ್ನ್ಸ್ ಧನವಂತನಾದನು. ೧೯೨೯ರಲ್ಲಿ, ಅಮೆರಿಕದ ಷೇರುಪೇಟೆ ಕುಸಿಯುವ ಕೆಲವೇ ತಿಂಗಳ ಮುನ್ನ, ತನ್ನ ಉದ್ಯಮವನ್ನು ಮಾರಿಬಿಟ್ಟನು.

೧೯೧೨ರಲ್ಲಿ ತನ್ನ ಶಾಲಾಸಹಪಾಠಿಯಾಗಿದ್ದ ಚಿತ್ರಕಾರ ವಿಲಿಯಂ ಗ್ಲ್ಯಾಕೆನ್ಸ್‌ನ ಕೈಗೆ ೨೦,೦೦೦ ಡಾಲರುಗಳನ್ನು ಕೊಟ್ಟು, ಪ್ಯಾರಿಸಿಗೆ ಹೋಗಿ ಹೊಸ ಮಾರ್ಗದ ಚಿತ್ರಗಳನ್ನು ಕೊಂಡುತರಲು ಕಳುಹಿಸಿದನು. ಅಲ್ಲಿಂದ ಆರಂಭವಾದ ಸಂಗ್ರಹದಲ್ಲಿ ಮುಂದೆ ರೆನ್ವಾನ ೧೮೧, ಸೆಜಾನನ ೬೯, ಮಾತೀಸನ ೫೯ ಕೃತಿಗಳು ಸೇರಿದವು. ಇವುಗಳೊಡನೆ ಪಿಕಾಸೊ, ಸೂಟೀನ್, ಮೊದಿಲ್ಯಾನಿಯವರ ಚಿತ್ರಗಳು, ಆಫ್ರಿಕದ ಶಿಲ್ಪಗಳು, ಕಬ್ಬಿಣದ ಹಳೆಯ ಚಿಲಕ, ತಿರುಗಣಿ, ಬೀಗದ ತಗಡುಗಳು ಕೂಡ ಬಂದವು. ಇವೆಲ್ಲವನ್ನೂ ಕಾಲ ದೇಶಗಳ ಕ್ರಮದಿಂದ ಜೋಡಿಸದೆ, ಬಣ್ಣ, ರೇಖೆ, ಆಕಾರಗಳ ಹೊಂದಾಣಿಕೆಯನ್ನು ಅನುಸರಿಸಿ ಒಂದೊಂದು ಗೋಡೆಯನ್ನೂ ಒಂದೊಂದು ಪಾಠದಂತೆ ಅಣಿಗೊಳಿಸಿದ್ದು ಬಾರ್ನ್ಸ್‌ನ ವೈಶಿಷ್ಟ್ಯ.

೧೯೨೨ರ ಡಿಸೆಂಬರ್‌ನಲ್ಲಿ ಅವನು ತನ್ನ ಪ್ರತಿಷ್ಠಾನವನ್ನು ನೋಂದಾಯಿಸಿದನು. ಅದು ಪ್ರದರ್ಶನಾಲಯವಲ್ಲ, ಶಿಕ್ಷಣ ಸಂಸ್ಥೆ ಎಂಬುದು ಅವನ ಖಚಿತ ಅಭಿಪ್ರಾಯ. ಶಿಕ್ಷಣಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ಪರಿಚಿತನಾದ ಜಾನ್ ಡ್ಯೂಯಿಯೇ ಅದರ ಶಿಕ್ಷಣ ವಿಭಾಗದ ಮೊದಲ ನಿರ್ದೇಶಕ. ಡ್ಯೂಯಿ ೧೯೩೪ರಲ್ಲಿ ಪ್ರಕಟಿಸಿದ ಕಲಾಮೀಮಾಂಸೆಯ ಗ್ರಂಥವನ್ನು ಬಾರ್ನ್ಸ್‌ನಿಗೇ ಅರ್ಪಿಸಿದ್ದಾನೆ. ಫಿಲಡೆಲ್ಫಿಯದ ಹೊರವಲಯದ ಮೆರಿಯನ್ ಎಂಬಲ್ಲಿ ವಾಸ್ತುಶಿಲ್ಪಿ ಪಾಲ್ ಕ್ರೇ ನಿರ್ಮಿಸಿದ ಕಟ್ಟಡ ೧೯೨೫ರಲ್ಲಿ ಆರಂಭವಾಯಿತು. ನ್ಯಾಸಪತ್ರದಲ್ಲಿ ದಾನಿ ಬಲು ಕಟ್ಟುನಿಟ್ಟಿನ ಷರತ್ತುಗಳನ್ನು ಬರೆದಿಟ್ಟನು. ತನ್ನ ಕಾಲಾನಂತರ ಯಾವ ಚಿತ್ರವನ್ನೂ ಮಾರಕೂಡದು, ಎರವಲು ಕೊಡಕೂಡದು, ಇದ್ದ ಗೋಡೆಯಿಂದ ಕದಲಿಸಕೂಡದು. ಧನಿಕರ ಔತಣಕೂಟಗಳಿಗೆ ಅಲ್ಲಿ ಎಡೆಯಿರಕೂಡದು. ಮೂಲಧನವನ್ನು ಸರ್ಕಾರಿ ಸಾಲಪತ್ರಗಳಂಥ ಭದ್ರವಾದ ಕಡೆ ಮಾತ್ರ ತೊಡಗಿಸಬೇಕು.

೧೯೨೩ರ ವಿಮರ್ಶೆಗಳು

ಇಷ್ಟು ಉದಾರನಾದ ದಾನಿ ತನ್ನ ಬಾಗಿಲನ್ನು ಅಷ್ಟು ಬಿಗಿಯಾಗಿ ಮುಚ್ಚಿದ್ದೇಕೆ? ನ್ಯಾಸಪತ್ರವನ್ನು ಎಷ್ಟು ಸಲ ಓದಿದರೂ ಇದಕ್ಕೆ ಪೂರ್ಣ ಉತ್ತರ ದೊರೆಯದು. ಉತ್ತರದ ಒಂದು ಭಾಗ ೧೯೨೩ರ ಹಳೆಯ ಪತ್ರಿಕೆಗಳಲ್ಲಿದೆ.

ಆ ವರ್ಷ ಬಾರ್ನ್ಸ್ ತಾನು ಯುರೋಪಿನಲ್ಲಿ ಕೊಂಡ ಹೊಸ ಕೃತಿಗಳಲ್ಲಿ ಸುಮಾರು ೭೫ನ್ನು ಪೆನ್ಸಿಲ್ವೇನಿಯ ಲಲಿತಕಲಾ ಅಕಾಡೆಮಿಯಲ್ಲಿ ಪ್ರದರ್ಶಿಸಿದನು. ತನ್ನ ಊರಿನ ಜನ ಹೊಸ ಕಲೆಯನ್ನು ನೋಡಿ ಸಂತೋಷಪಡುವರೆಂಬ ನಿರೀಕ್ಷೆ ಅವನಿಗಿತ್ತು. ಆದರೆ ಸ್ಥಳೀಯ ಪತ್ರಿಕೆಗಳ ವಿಮರ್ಶಕರು ಆ ಚಿತ್ರಗಳನ್ನು ಅಪಹಾಸ್ಯ ಮಾಡಿದರು. ಸೂಟೀನನ ತಿರುಚಿದ ಮುಖಗಳಲ್ಲಿ ಅವರು ಕಂಡದ್ದು ವಿಕಾರವನ್ನು ಮಾತ್ರ. ಬಾರ್ನ್ಸ್ ಆ ಅವಮಾನವನ್ನು ಮರೆಯಲಿಲ್ಲ. ನಗರದ ಗಣ್ಯರನ್ನೂ ಕಲಾಪಂಡಿತರನ್ನೂ ಅವನು ದೂರವಿಟ್ಟನು. ಪ್ರಸಿದ್ಧರು ಬರೆದ ವಿನಂತಿಗಳನ್ನು ತಿರಸ್ಕರಿಸುತ್ತಿದ್ದ ಅವನು ವಿದ್ಯಾರ್ಥಿಗಳಿಗೂ ಸಾಮಾನ್ಯ ಕಾರ್ಮಿಕರಿಗೂ ಪ್ರವೇಶ ಕೊಡುತ್ತಿದ್ದನು.

ಆ ವಿಮರ್ಶೆಗಳು ಇಂದು ಕಲಾಮೌಲ್ಯದ ದೃಷ್ಟಿಯಿಂದ ತಪ್ಪೆಂದು ಸಿದ್ಧವಾಗಿವೆ. ಅಂದು ನಗೆಗೀಡಾದ ಚಿತ್ರಗಳನ್ನು ನೋಡಲು ಈಗ ಜನ ದೇಶ ದೇಶಗಳಿಂದ ಬರುತ್ತಾರೆ. ಹಾಗೆಂದು ಆ ವಿಮರ್ಶೆಯ ತುಣುಕುಗಳನ್ನು ಹರಿದೊಗೆಯಬಹುದೇ? ಕೂಡದು. ಅವು ಚಿತ್ರಗಳ ವಿಷಯದಲ್ಲಿ ತಪ್ಪು ಹೇಳಿದರೂ ಕಾಲದ ವಿಷಯದಲ್ಲಿ ಸತ್ಯವನ್ನೇ ಹೇಳುತ್ತವೆ. ಒಂದು ನಗರ ಹೊಸದನ್ನು ಹೇಗೆ ಎದುರುಗೊಂಡಿತು, ಒಬ್ಬ ದಾನಿಯ ಮನಸ್ಸು ಎಲ್ಲಿ ಗಟ್ಟಿಯಾಯಿತು ಎಂಬುದಕ್ಕೆ ಅವೇ ಆಧಾರ. ಪ್ರತಿಕೂಲವಾದ ಬರಹವನ್ನು ಉಳಿಸುವುದೆಂದರೆ ಅದನ್ನು ಒಪ್ಪಿಕೊಂಡಂತೆ ಆಗುವುದಿಲ್ಲ. ಇದು ಪತ್ರಿಕಾ ಕಡತದ ಮೊದಲ ಪಾಠ.

ಪತ್ರಿಕೆಯೇ ಕಟ್ಟೆಯೇರಿದಾಗ

೧೯೫೧ರ ಜುಲೈಯಲ್ಲಿ ಬಾರ್ನ್ಸ್ ಮೋಟಾರು ಅಪಘಾತದಲ್ಲಿ ಮರಣ ಹೊಂದಿದನು. ಅದಕ್ಕೆ ಒಂದು ವರ್ಷ ಮೊದಲು, ೧೯೫೦ರಲ್ಲಿ, ಅವನೊಂದು ಮಹತ್ವದ ತಿದ್ದುಪಡಿಯನ್ನು ಮಾಡಿದ್ದನು. ಮುಂದೆ ತೆರವಾಗುವ ಧರ್ಮದರ್ಶಿ ಸ್ಥಾನಗಳಿಗೆ ಹೆಸರು ಸೂಚಿಸುವ ಅಧಿಕಾರವನ್ನು ಕಪ್ಪು ಜನರ ವಿದ್ಯಾಭ್ಯಾಸಕ್ಕಾಗಿ ಸ್ಥಾಪಿತವಾದ ಲಿಂಕನ್ ವಿಶ್ವವಿದ್ಯಾಲಯಕ್ಕೆ ವಹಿಸಿದನು. ಪ್ರತಿಷ್ಠಿತ ಸಂಸ್ಥೆಗಳನ್ನೆಲ್ಲ ಬದಿಗಿಟ್ಟು ಸಣ್ಣ ವಿದ್ಯಾಸಂಸ್ಥೆಯೊಂದರ ಕೈಗೆ ಇಂಥ ಸಂಪತ್ತಿನ ಕೀಲಿಯನ್ನು ಕೊಟ್ಟದ್ದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಲ್ಲ.

ದಾನಿ ತೀರಿಕೊಂಡ ಮರುವರ್ಷವೇ ‘ಫಿಲಡೆಲ್ಫಿಯ ಇನ್‌ಕ್ವೈರರ್’ ಪತ್ರಿಕೆಯ ಸಂಪಾದಕೀಯ ಬಳಗದವರೊಬ್ಬರು ನ್ಯಾಯಾಲಯಕ್ಕೆ ಹೋದರು. ವಾಲ್ಟರ್ ಆ್ಯನೆನ್‌ಬರ್ಗ್ ಆ ಪತ್ರಿಕೆಯ ಪ್ರಕಾಶಕ. ಅವರ ವಾದ ಸರಳವಾಗಿತ್ತು: ಧರ್ಮಾರ್ಥ ಸಂಸ್ಥೆಯೆಂದು ತೆರಿಗೆ ವಿನಾಯಿತಿ ಪಡೆಯುವ ಪ್ರತಿಷ್ಠಾನ ಸಾರ್ವಜನಿಕರಿಗೆ ಬಾಗಿಲು ಮುಚ್ಚುವುದು ಹೇಗೆ? ೧೯೫೩ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆ ದಾವೆಯನ್ನು ತಳ್ಳಿಹಾಕಿತು. ಸಾರ್ವಜನಿಕ ದತ್ತಿಯ ಪರವಾಗಿ ವ್ಯಾಜ್ಯ ಹೂಡುವ ಅಧಿಕಾರ ರಾಜ್ಯದ ಅಟಾರ್ನಿ ಜನರಲ್‌ಗೆ ಇದೆಯೇ ಹೊರತು ಖಾಸಗಿ ವ್ಯಕ್ತಿಗೆ ಇಲ್ಲವೆಂಬುದು ಕಾರಣ. ಕೆಲವು ವರ್ಷಗಳ ಮೇಲೆ ಅಟಾರ್ನಿ ಜನರಲ್ ಅವರೇ ದಾವೆ ಹೂಡಿದರು. ೧೯೬೦ರಲ್ಲಿ ತೀರ್ಪು ರಾಜ್ಯದ ಕಡೆಗೆ ವಾಲಿತು. ೧೯೬೧ರ ಮಾರ್ಚ್‌ನಲ್ಲಿ ಬಾರ್ನ್ಸ್ ಚಿತ್ರಶಾಲೆ ವಾರಕ್ಕೆ ಎರಡು ದಿನ, ಮಿತ ಸಂಖ್ಯೆಯ ಸಾರ್ವಜನಿಕರಿಗೆ ಬಾಗಿಲು ತೆರೆಯಿತು.

ಈ ಘಟ್ಟದ ತುಣುಕುಗಳನ್ನು ಓದುವವನಿಗೆ ಎಚ್ಚರ ಬೇಕು. ಪತ್ರಿಕೆ ಇಲ್ಲಿ ಬರಿಯ ಸಾಕ್ಷಿಯಾಗಿರಲಿಲ್ಲ, ವ್ಯಾಜ್ಯದ ಪಕ್ಷಕ್ಕೆ ಸೇರಿದ್ದೂ ಆಗಿತ್ತು. ಅದರ ವಾದದಲ್ಲಿ ನ್ಯಾಯವಿತ್ತು. ಜೊತೆಗೆ, ದಾನಿ ಬದುಕಿದ್ದಾಗ ಅವನಿಗೂ ಫಿಲಡೆಲ್ಫಿಯದ ಪತ್ರಿಕಾಲೋಕಕ್ಕೂ ಇದ್ದ ಮನಸ್ತಾಪದ ನೆರಳೂ ಇತ್ತು. ತುಣುಕಿನ ಮೇಲೆ ಪತ್ರಿಕೆಯ ಹೆಸರನ್ನೂ ದಿನಾಂಕವನ್ನೂ ಬರೆಯದೆ ಅಂಟಿಸಿಟ್ಟರೆ ನಾಳಿನ ಓದುಗನು ಈ ಎರಡನ್ನು ಬೇರ್ಪಡಿಸುವುದು ಹೇಗೆ? ವಾರ್ತೆ ಏನು ಹೇಳಿತು ಎಂಬುದರಷ್ಟೇ ಅದನ್ನು ಹೇಳಿದವರಾರು ಎಂಬುದೂ ಮುಖ್ಯ. ಇದು ಎರಡನೆಯ ಪಾಠ.

ಚಿತ್ರಗಳು ಊರು ಬಿಟ್ಟ ಬಗೆ

ಭದ್ರತೆಗೆಂದು ದಾನಿ ಹಾಕಿದ ಷರತ್ತೇ ಸಂಸ್ಥೆಗೆ ಮುಂದೆ ಭಾರವಾಯಿತು. ಸಾಲಪತ್ರಗಳ ಬಡ್ಡಿ ಏರುವ ಬೆಲೆಗಳನ್ನು ಹಿಂಬಾಲಿಸಲಾರದೆ ಹೋಯಿತು. ಕಟ್ಟಡ ಹಳೆಯದಾಯಿತು. ೧೯೯೦ರ ದಶಕದ ಆರಂಭದಲ್ಲಿ ಕೆಲವು ಚಿತ್ರಗಳನ್ನು ಮಾರುವ ಸೂಚನೆ ಕೇಳಿಬಂದು, ತೀವ್ರ ವಿರೋಧದ ಕಾರಣ ಅದನ್ನು ಕೈಬಿಡಲಾಯಿತು. ಬಳಿಕ ನ್ಯಾಯಾಲಯದ ಅನುಮತಿ ಪಡೆದು, ದುರಸ್ತಿಗೆ ಹಣ ಕೂಡಿಸಲು ೧೯೯೩ರಿಂದ ೧೯೯೫ರವರೆಗೆ ಆಯ್ದ ಚಿತ್ರಗಳನ್ನು ವಾಷಿಂಗ್ಟನ್, ಪ್ಯಾರಿಸ್, ಟೋಕಿಯೊ ಮೊದಲಾದ ನಗರಗಳಿಗೆ ಒಯ್ದು ಪ್ರದರ್ಶಿಸಿದರು. ಒಮ್ಮೆಯೂ ಕದಲಬಾರದಿದ್ದ ಚಿತ್ರಗಳು ಲೋಕಸಂಚಾರ ಮಾಡಿ ಬಂದವು. ಆಮೇಲೆ ಸಂದರ್ಶಕರ ವಾಹನಗಳ ನಿಲುಗಡೆಯ ಕುರಿತು ನೆರೆಹೊರೆಯವರೊಡನೆ ಜಗಳವೆದ್ದು, ಅದೂ ನ್ಯಾಯಾಲಯಕ್ಕೆ ಹೋಗಿ, ಉಳಿದಿದ್ದ ಹಣವನ್ನು ಕರಗಿಸಿತು.

೨೦೦೨ರ ಸೆಪ್ಟೆಂಬರ್‌ನಲ್ಲಿ ಧರ್ಮದರ್ಶಿ ಮಂಡಳಿಯು ಇಡೀ ಸಂಗ್ರಹವನ್ನು ಮೆರಿಯನ್‌ನಿಂದ ಫಿಲಡೆಲ್ಫಿಯ ನಗರದ ನಡುವಿಗೆ ಸ್ಥಳಾಂತರಿಸಲು ಅನುಮತಿ ಬೇಡಿತು. ಪ್ಯೂ, ಲೆನ್‌ಫೆಸ್ಟ್, ಆ್ಯನೆನ್‌ಬರ್ಗ್ ಎಂಬ ಮೂರು ದೊಡ್ಡ ದತ್ತಿಗಳು ಇದಕ್ಕಾಗಿ ೧೫ ಕೋಟಿ ಡಾಲರು ಕೂಡಿಸಲು ನೆರವಾಗುವುದಾಗಿ ಮುಂದೆ ಬಂದವು. ೨೦೦೪ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ಸಮ್ಮತಿಸಿತು. ಇದೇ ವ್ಯವಹಾರದಲ್ಲಿ ಧರ್ಮದರ್ಶಿಗಳ ಸಂಖ್ಯೆ ೫ರಿಂದ ೧೫ಕ್ಕೆ ಏರಿತು. ಮೊದಲು ಐವರಲ್ಲಿ ನಾಲ್ವರನ್ನು ಸೂಚಿಸುತ್ತಿದ್ದ ಲಿಂಕನ್ ವಿಶ್ವವಿದ್ಯಾಲಯಕ್ಕೆ ಹದಿನೈದರಲ್ಲಿ ಐದು ಸ್ಥಾನಗಳು ಉಳಿದವು. ಚಿತ್ರಗಳ ಸ್ಥಳಾಂತರ ಯಾರ ಕಣ್ಣಿಗಾದರೂ ಬೀಳುವಂಥದು. ಬಹುಮತದ ಸ್ಥಳಾಂತರ ಹಾಗೆ ಸುಲಭವಾಗಿ ಕಾಣುವಂಥದಲ್ಲ.

ಹೊಸ ಕಟ್ಟಡ ೨೦೧೨ರ ಮೇ ತಿಂಗಳಲ್ಲಿ ಆರಂಭವಾಯಿತು. ಹಳೆಯ ಕೊಠಡಿಗಳ ಅಳತೆಯನ್ನೂ ಗೋಡೆಗಳ ಜೋಡಣೆಯನ್ನೂ ಅದರಲ್ಲಿ ಹಾಗೆಯೇ ಮರುಸೃಷ್ಟಿಸಿದ್ದಾರೆ. ಹೆಚ್ಚು ಜನರಿಗೆ ಕಲೆ ದೊರೆಯಿತು, ಮುಳುಗುತ್ತಿದ್ದ ಸಂಸ್ಥೆ ಉಳಿಯಿತು ಎಂದು ಒಂದು ಪಕ್ಷ ಹೇಳುತ್ತದೆ. ಸತ್ತವನ ಮಾತನ್ನು ಬದುಕಿರುವವರು ಮುರಿದರು ಎಂದು ಇನ್ನೊಂದು ಪಕ್ಷ ದೂರುತ್ತದೆ. ಈ ಎರಡನೆಯ ಪಕ್ಷದ ವಾದವನ್ನು ಎತ್ತಿಹಿಡಿದ ‘ದಿ ಆರ್ಟ್ ಆಫ್ ದ ಸ್ಟೀಲ್’ ಎಂಬ ಸಾಕ್ಷ್ಯಚಿತ್ರ ೨೦೦೯ರಲ್ಲಿ ತೆರೆಕಂಡಿತು. ಎರಡೂ ವಾದಗಳಲ್ಲಿ ತೂಕವಿದೆ. ತೀರ್ಪು ಕೊಡುವುದು ಈ ಲೇಖನದ ಉದ್ದೇಶವಲ್ಲ.

ಆದರೆ ಕಡತದ ದೃಷ್ಟಿಯಿಂದ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು: ಸಂಗ್ರಹದ ಸ್ಥಳಾಂತರಕ್ಕಾಗಿ ೧೦ ಕೋಟಿ ೭೦ ಲಕ್ಷ ಡಾಲರುಗಳವರೆಗೆ ಅವಕಾಶ ಕಲ್ಪಿಸುವ ಬಾಬು ಆಗಲೇ ರಾಜ್ಯದ ಬಂಡವಾಳ ಮುಂಗಡಪತ್ರದಲ್ಲಿ ಸೇರಿತ್ತೆಂಬುದು ೨೦೦೬ರಲ್ಲಿ, ಎಂದರೆ ತೀರ್ಪು ಹೊರಬಿದ್ದ ಮೇಲೆ, ಪತ್ರಿಕೆಗಳ ಮೂಲಕ ಸಾರ್ವಜನಿಕರ ಗಮನಕ್ಕೆ ಬಂತು. ವಿರೋಧಿಗಳು ಇದನ್ನು ಆಧಾರವಾಗಿಟ್ಟುಕೊಂಡು ಮತ್ತೆ ನ್ಯಾಯಾಲಯಕ್ಕೆ ಹೋದರಾದರೂ ೨೦೦೮ರಲ್ಲಿ ಅವರ ಅರ್ಜಿ ತಿರಸ್ಕೃತವಾಯಿತು. ಮುದ್ರಿತವಾಗಿಯೇ ಇದ್ದ ಒಂದು ಸಾಲು ವರ್ಷಗಳ ಕಾಲ ಯಾರ ಕಡತದಲ್ಲಿಯೂ ಸರಿಯಾದ ಶೀರ್ಷಿಕೆಯಡಿ ಸೇರದೆ ಹೋದರೆ ಹೀಗಾಗುತ್ತದೆ. ಎರಡು: ೧೯೫೨ರಲ್ಲಿ ದಾವೆಯ ಹಿಂದಿದ್ದ ಪತ್ರಿಕೆಯ ಪ್ರಕಾಶಕನ ಹೆಸರಿನ ದತ್ತಿಯೇ ೨೦೦೨ರಲ್ಲಿ ಸ್ಥಳಾಂತರದ ಪೋಷಕರಲ್ಲಿ ಒಂದು. ಮತ್ತೊಬ್ಬ ಪೋಷಕರಾದ ಲೆನ್‌ಫೆಸ್ಟ್ ಅವರು ೨೦೧೪ರಲ್ಲಿ ಅದೇ ‘ಇನ್‌ಕ್ವೈರರ್’ ಪತ್ರಿಕೆಯ ಒಡೆಯರಾಗಿ, ೨೦೧೬ರಲ್ಲಿ ಅದನ್ನು ಲಾಭರಹಿತ ಸಂಸ್ಥೆಯೊಂದರ ಆಶ್ರಯಕ್ಕೆ ದಾನ ಮಾಡಿದರು. ಇದರಿಂದ ಪತ್ರಿಕೆಯ ವರದಿಗಳು ಅಸತ್ಯವೆಂದಾಗಲಿ, ಪೋಷಕರ ಉದ್ದೇಶ ಕೆಟ್ಟದೆಂದಾಗಲಿ ಯಾರೂ ತೀರ್ಮಾನಿಸಬಾರದು. ಆದರೆ ಐವತ್ತು, ಅರುವತ್ತು ವರ್ಷಗಳ ಅಂತರದ ತುಣುಕುಗಳು ಒಂದೇ ಕಡತದಲ್ಲಿ ದಿನಾಂಕದ ಕ್ರಮದಲ್ಲಿದ್ದಾಗ ಮಾತ್ರ ಇಂಥ ಸಂಬಂಧಗಳು ಕಣ್ಣಿಗೆ ಬೀಳುತ್ತವೆ ಎಂಬುದನ್ನು ಅಲ್ಲಗಳೆಯಲಾಗದು. ಇದು ಮೂರನೆಯ ಪಾಠ.

ಸಂಗ್ರಹದ ಕ್ರಮ

ಇನ್ನು ಕಾರ್ಯವಿಧಾನಕ್ಕೆ ಬರೋಣ. ದೊಡ್ಡ ಕಲಾಸಂಗ್ರಹಾಲಯಗಳು ಈ ಕೆಲಸವನ್ನು ಬಹುಕಾಲದಿಂದ ಮಾಡುತ್ತಿವೆ. ನ್ಯೂಯಾರ್ಕಿನ ಆಧುನಿಕ ಕಲಾಸಂಗ್ರಹಾಲಯ ೧೯೨೯ರಲ್ಲಿ ಆರಂಭವಾದಂದಿನಿಂದ ತನ್ನ ಕುರಿತ ಪತ್ರಿಕಾ ಬರಹಗಳನ್ನು ದಪ್ಪ ಪುಸ್ತಕಗಳಲ್ಲಿ ಅಂಟಿಸಿ ಕಾಪಾಡಿತು. ಅವುಗಳನ್ನು ಅನಂತರ ಸೂಕ್ಷ್ಮಚಿತ್ರ ಸುರುಳಿಗಳಿಗೆ ಇಳಿಸಲಾಯಿತು. ಇದಕ್ಕೆ ಬಹಳ ಹಣ ಬೇಕಿಲ್ಲ. ಒಬ್ಬ ಶ್ರದ್ಧಾವಂತ ಗ್ರಂಥಪಾಲಕ, ಒಂದು ಬೀರು, ಒಂದು ದಾಖಲೆ ಪುಸ್ತಕ, ವಾರಕ್ಕೆ ಎರಡು ಗಂಟೆಯ ಕಾಲ ಇದ್ದರೆ ಸಾಕು.

ಮೊದಲನೆಯದಾಗಿ, ಕತ್ತರಿ ಹಾಕುವ ಮುನ್ನ ಇಡೀ ಪುಟದ ಪ್ರತಿಯೊಂದನ್ನು ತೆಗೆದುಕೊಳ್ಳಬೇಕು. ವಾರ್ತೆ ಮುಖಪುಟದ ತಲೆಯಲ್ಲಿತ್ತೋ, ಒಳಪುಟದ ಮೂಲೆಯಲ್ಲಿತ್ತೋ, ಅದರ ಪಕ್ಕದಲ್ಲಿ ಏನಿತ್ತು ಎಂಬುದು ಕೂಡ ಮಾಹಿತಿಯೇ. ಆಮೇಲೆ ತುಣುಕನ್ನು ಬಿಳಿಯ ಹಾಳೆಯ ಮೇಲಿರಿಸಿ, ಹಾಳೆಯ ನೆತ್ತಿಯಲ್ಲಿ ಪತ್ರಿಕೆಯ ಹೆಸರು, ಪ್ರಕಟವಾದ ಊರು, ಆವೃತ್ತಿ, ದಿನಾಂಕ, ಪುಟ, ಅಂಕಣ, ವರದಿಗಾರರ ಅಥವಾ ಸುದ್ದಿಸಂಸ್ಥೆಯ ಹೆಸರು ಇಷ್ಟನ್ನೂ ಪೆನ್ಸಿಲಿನಿಂದ ಬರೆಯಬೇಕು. ತುಣುಕಿನ ಮೇಲೆ ಗೆರೆ ಎಳೆಯುವುದಾಗಲಿ ಟಿಪ್ಪಣಿ ಬರೆಯುವುದಾಗಲಿ ಸಲ್ಲದು. ದಿನಾಂಕವಿಲ್ಲದ ತುಣುಕು ಹೆಸರು ಹೇಳದ ಸಾಕ್ಷಿಯಂತೆ. ಅದರ ಮಾತನ್ನು ಯಾವ ನ್ಯಾಯಸ್ಥಾನವೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಎರಡನೆಯದಾಗಿ, ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಕೊಟ್ಟು ದಾಖಲೆ ಪುಸ್ತಕದಲ್ಲಿ ನಮೂದಿಸಬೇಕು. ಮೂಲಕ್ರಮ ದಿನಾಂಕದ್ದೇ ಆಗಿರಲಿ. ಕಟ್ಟಡ, ಹಣಕಾಸು, ಪ್ರದರ್ಶನ, ನೇಮಕ, ವ್ಯಾಜ್ಯ, ದಾನ ಎಂಬ ವಿಷಯಸೂಚಿಯನ್ನು ಪ್ರತ್ಯೇಕವಾಗಿ ಮಾಡಿಕೊಳ್ಳಬಹುದು. ವಿಷಯಕ್ಕೊಂದು ಕಡತ ಮಾಡಿ ತುಣುಕುಗಳನ್ನೇ ಹಂಚಿಬಿಟ್ಟರೆ ಕಾಲದ ಎಳೆ ತಪ್ಪಿಹೋಗುತ್ತದೆ.

ಮೂರನೆಯದಾಗಿ, ಸುದ್ದಿಯೆಂದರೆ ವರದಿ ಮಾತ್ರವಲ್ಲ. ಸಂಪಾದಕರಿಗೆ ಓದುಗರು ಬರೆದ ಪತ್ರ, ಟೆಂಡರು ಪ್ರಕಟಣೆ, ನ್ಯಾಯಾಲಯದ ನೋಟೀಸು, ಜಾಹೀರಾತು, ಶ್ರದ್ಧಾಂಜಲಿ, ವ್ಯಂಗ್ಯಚಿತ್ರ ಎಲ್ಲವೂ ಸಂಗ್ರಹಕ್ಕೆ ಯೋಗ್ಯ. ಪತ್ರಿಕೆ ಮರುದಿನ ತಿದ್ದುಪಡಿ ಪ್ರಕಟಿಸಿದ್ದರೆ ಅದನ್ನು ಮೂಲ ವಾರ್ತೆಯ ಹಾಳೆಗೇ ಜೋಡಿಸಬೇಕು. ಸಂಸ್ಥೆ ಹೊರಡಿಸಿದ ಪ್ರಕಟಣೆಯ ಪ್ರತಿಯನ್ನೂ ಜೊತೆಗಿಡಬೇಕು. ಆಗ ಸಂಸ್ಥೆ ಹೇಳಿದ್ದೇನು, ಪತ್ರಿಕೆ ಬರೆದದ್ದೇನು ಎಂಬ ಅಂತರ ತಾನಾಗಿ ತಿಳಿಯುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಕಠಿನವಾದ ನಿಯಮ. ಒಮ್ಮೆ ಕಡತಕ್ಕೆ ಸೇರಿದ ತುಣುಕನ್ನು ಯಾವ ಅಧ್ಯಕ್ಷರೂ, ಯಾವ ಕಾರ್ಯದರ್ಶಿಯೂ ತಮ್ಮ ಇಚ್ಛೆಯಿಂದ ತೆಗೆಯಕೂಡದು. ಮಕ್ಕಳ ಅಥವಾ ಖಾಸಗಿ ವ್ಯಕ್ತಿಗಳ ಮಾನಕ್ಕೆ ಕುಂದು ತರುವಂಥದಿದ್ದರೆ ಅದನ್ನು ಬೇರೆ ಲಕೋಟೆಯಲ್ಲಿ ಮುಚ್ಚಿಟ್ಟು, ಅದರ ಸ್ಥಾನದಲ್ಲಿ ಸೂಚನಾ ಚೀಟಿಯನ್ನಿಡಬೇಕೇ ವಿನಾ ನಾಶಪಡಿಸಬಾರದು. ಕೆಲವು ವರ್ಷಗಳ ಹಿಂದೆ ಸಂಸ್ಥೆಯೊಂದರ ಪತ್ರಿಕಾ ಕಡತವನ್ನು ನೋಡುವ ಅವಕಾಶ ನನಗೆ ಒದಗಿತ್ತು. ಸುಂದರವಾದ ರಟ್ಟು, ಒಳಗೆ ಹಾರ ತುರಾಯಿಗಳ ಚಿತ್ರಗಳು, ಉದ್ಘಾಟನೆಗಳು, ಅಭಿನಂದನೆಗಳು. ನಡುವೆ ಎರಡು ವರ್ಷಗಳ ಹಾಳೆಗಳೇ ಇರಲಿಲ್ಲ. ಆ ಎರಡು ವರ್ಷ ಅಲ್ಲಿ ಏನೂ ನಡೆಯಲಿಲ್ಲವೇ ಎಂದು ಕೇಳಿದಾಗ ಅಲ್ಲಿನ ಹಿರಿಯ ಗುಮಾಸ್ತರು ತಲೆ ತಗ್ಗಿಸಿದರು. ಮೌನ ಕೂಡ ದಾಖಲೆಯಾಗಿ ನಿಲ್ಲುತ್ತದೆ ಎಂಬುದು ಅಂದು ನನಗೆ ಮನವರಿಕೆಯಾಯಿತು.

ಕಾಗದದ ಆಯುಸ್ಸು

ವೃತ್ತಪತ್ರಿಕೆಯ ಕಾಗದ ಒಂದು ದಿನದ ಬಾಳಿಗಾಗಿ ತಯಾರಾದುದು. ಮರವನ್ನು ಯಂತ್ರದಲ್ಲಿ ಅರೆದು ಮಾಡಿದ ತಿರುಳಿನಲ್ಲಿ ಲಿಗ್ನಿನ್ ಎಂಬ ಪದಾರ್ಥ ಉಳಿದುಬಿಡುತ್ತದೆ. ಬೆಳಕೂ ಗಾಳಿಯೂ ತಗಲಿದಂತೆ ಅದು ಹಳದಿಯಾಗುತ್ತದೆ, ಆಮ್ಲ ಬೆಳೆದು ಎಳೆಗಳು ಮುರಿಯುತ್ತವೆ, ಕೊನೆಗೆ ಹಪ್ಪಳದಂತೆ ಪುಡಿಯಾಗುತ್ತದೆ. ಆದ್ದರಿಂದ ತುಣುಕನ್ನು ಆಮ್ಲರಹಿತ ಕಾಗದದ ಮೇಲೆ ಛಾಯಾಪ್ರತಿ ಮಾಡಿಸಿ, ಓದುವವರಿಗೆ ಆ ಪ್ರತಿಯನ್ನೇ ಕೊಡುವುದು ಲೇಸು. ಮೂಲವನ್ನು ಕತ್ತಲೆಯಲ್ಲಿ, ತೇವವಿಲ್ಲದ ಕಡೆ, ಬೇರೆ ಪತ್ರಗಳಿಗೆ ತಗಲದಂತೆ ಇಡಬೇಕು. ಅಂಟುಪಟ್ಟಿ ಕೆಲವೇ ವರ್ಷಗಳಲ್ಲಿ ಕಂದು ಕಲೆಯನ್ನು ಉಳಿಸುತ್ತದೆ. ಗುಂಡುಪಿನ್ನು ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತದೆ. ಹಿಟ್ಟಿನ ಗೋಂದು ಹುಳುಗಳಿಗೆ ಆಹ್ವಾನ. ಪ್ಲಾಸ್ಟಿಕ್ ಹೊದಿಕೆಯನ್ನು ಬಿಸಿಮಾಡಿ ಅಂಟಿಸಿದರೆ ಮತ್ತೆ ಬಿಡಿಸಲು ಸಾಧ್ಯವಾಗದು. ನಮ್ಮ ನಾಡಿನಲ್ಲಿ ಮಳೆಗಾಲದ ತೇವ ಮತ್ತು ಗೆದ್ದಲು ಇವೆರಡೂ ಪತ್ರಾಗಾರದ ಹಳೆಯ ಶತ್ರುಗಳು. ಬೀರುವನ್ನು ಗೋಡೆಗೆ ತಾಗಿಸದೆ, ನೆಲದಿಂದ ಮೇಲಕ್ಕೆ ಎತ್ತಿ ಇಡುವ ಹಿರಿಯರ ಪದ್ಧತಿ ಇಂದಿಗೂ ಯುಕ್ತವೇ.

ಈಗ ಬಹುಪಾಲು ಸುದ್ದಿ ಅಂತರಜಾಲದಲ್ಲಿ ಬರುತ್ತದೆ. ಇದರಿಂದ ಕೆಲಸ ಸುಲಭವಾಯಿತೆಂದು ಭಾವಿಸುವವರು ಹಲವರು. ವಸ್ತುಸ್ಥಿತಿ ಬೇರೆ. ಮುದ್ರಿತ ಪತ್ರಿಕೆ ಹಳದಿಯಾದರೂ ಮಾತು ಬದಲಿಸುವುದಿಲ್ಲ. ಜಾಲಪುಟ ಒಂದೇ ರಾತ್ರಿಯಲ್ಲಿ ತಿದ್ದಿಹೋಗಬಹುದು, ಮಾಯವೂ ಆಗಬಹುದು. ಪುಟದ ವಿಳಾಸವನ್ನು ಮಾತ್ರ ಬರೆದಿಟ್ಟರೆ ಮನೆ ಬಿದ್ದ ಮೇಲೆ ಬಾಗಿಲಿನ ಸಂಖ್ಯೆ ಇಟ್ಟುಕೊಂಡಂತಾದೀತು. ಪುಟದ ಪೂರ್ಣ ಪ್ರತಿಯನ್ನು, ಅದನ್ನು ತೆಗೆದ ದಿನಾಂಕ ಮತ್ತು ವೇಳೆಯೊಡನೆ ಉಳಿಸಬೇಕು. ೧೯೯೬ರಲ್ಲಿ ಆರಂಭವಾದ ‘ಇಂಟರ್‌ನೆಟ್ ಆರ್ಕೈವ್’ ಜಾಲಪುಟಗಳ ಹಳೆಯ ರೂಪಗಳನ್ನು ಕಾಯ್ದಿಡುತ್ತಿದ್ದರೂ ಎಲ್ಲವೂ ಅಲ್ಲಿ ದೊರೆಯುವುದೆಂದು ನೆಚ್ಚಿ ಕೂರಲಾಗದು. ಗಣಕದಲ್ಲಿರುವುದರ ಎರಡು ಪ್ರತಿಗಳು ಎರಡು ಬೇರೆ ಕಟ್ಟಡಗಳಲ್ಲಿರಬೇಕು. ವರ್ಷಕ್ಕೊಮ್ಮೆ ತೆರೆದು ಪರೀಕ್ಷಿಸಬೇಕು. ಲೇಖನದ ಹಕ್ಕುಸ್ವಾಮ್ಯ ಬರೆದವರದು ಅಥವಾ ಪತ್ರಿಕೆಯದು ಎಂಬುದನ್ನೂ ಮರೆಯಬಾರದು. ತುಣುಕನ್ನು ಕಡತದಲ್ಲಿಡುವುದು ಬೇರೆ, ಅದನ್ನು ಮತ್ತೆ ಅಚ್ಚು ಹಾಕಿಸುವುದು ಬೇರೆ. ಎರಡನೆಯದಕ್ಕೆ ಅನುಮತಿ ಪಡೆಯುವುದು ಕ್ರಮ.

ನಮ್ಮ ಮಟ್ಟಿಗೆ

ದೂರದೇಶದ ಈ ವೃತ್ತಾಂತದಿಂದ ನಮಗೇನು ಎಂದು ದಾನಿಗಳು ಕೇಳಬಹುದು. ಪೆನ್ಸಿಲ್ವೇನಿಯದಲ್ಲಿ ಸಾಮಾನ್ಯ ನಾಗರಿಕನಿಗೆ ದತ್ತಿಯ ಪರವಾಗಿ ನ್ಯಾಯಾಲಯದ ಮೆಟ್ಟಿಲೇರುವ ಅಧಿಕಾರವಿಲ್ಲವೆಂದು ೧೯೫೩ರಲ್ಲಿ ತೀರ್ಮಾನವಾಯಿತಷ್ಟೆ. ನಮ್ಮ ದೇಶದಲ್ಲಿ ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ೯೨ನೆಯ ಪ್ರಕರಣವು ಅಡ್ವೊಕೇಟ್ ಜನರಲ್ ಅವರಿಗೆ ಮಾತ್ರವಲ್ಲದೆ, ಸಾರ್ವಜನಿಕ ದತ್ತಿಯೊಂದರಲ್ಲಿ ಹಿತಾಸಕ್ತಿಯುಳ್ಳ ಇಬ್ಬರು ಅಥವಾ ಹೆಚ್ಚು ಮಂದಿಗೂ, ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡುವ ಅವಕಾಶವನ್ನು ಕೊಟ್ಟಿದೆ. ಅಧಿಕಾರ ಹೆಚ್ಚಿದಂತೆ ಹೊಣೆಯೂ ಹೆಚ್ಚುತ್ತದೆ. ಆಧಾರವಿಲ್ಲದ ಅನುಮಾನದಿಂದ ಒಳ್ಳೆಯ ಸಂಸ್ಥೆ ಹಾಳಾಗಬಾರದು. ಆಧಾರ ಕಳೆದುಹೋದ ಕಾರಣದಿಂದ ತಪ್ಪು ಮುಚ್ಚಿಯೂ ಹೋಗಬಾರದು. ಪ್ರಾಮಾಣಿಕವಾದ ಪತ್ರಿಕಾ ಕಡತ ಎರಡೂ ಕಡೆಯವರಿಗೆ ರಕ್ಷೆ. ಹಣ ಕೊಟ್ಟವರಿಗೆ ಅದು ಭರವಸೆ, ನಡೆಸುವವರಿಗೆ ಅದು ಸಮರ್ಥನೆ.

ಅಧ್ಯಾಪಕರಲ್ಲಿ ಒಂದು ವಿನಂತಿ. ಈ ಕೆಲಸವನ್ನು ಪ್ರೌಢಶಾಲೆಯ ಮಕ್ಕಳಿಂದಲೇ ಆರಂಭಿಸಬಹುದು. ಒಂದೇ ಘಟನೆಯನ್ನು ಮೂರು ಪತ್ರಿಕೆಗಳು ಹೇಗೆ ಬರೆದಿವೆಯೆಂದು ಅಕ್ಕಪಕ್ಕದಲ್ಲಿಟ್ಟು ಓದಿಸಿದರೆ ಚರಿತ್ರೆಯ ಆಕರಗಳನ್ನು ತೂಗಿ ನೋಡುವ ವಿದ್ಯೆ ಅವರಿಗೆ ತಾನಾಗಿ ಬರುತ್ತದೆ. ಹಳೆಯ ವಿದ್ಯಾರ್ಥಿಗಳ ಮನೆಗಳ ಅಟ್ಟದ ಮೇಲೆ, ಪೆಟ್ಟಿಗೆಗಳ ತಳದಲ್ಲಿ, ತಮ್ಮ ಶಾಲೆಯ ಸುದ್ದಿಯಿದ್ದ ಹಾಳೆಗಳು ಇನ್ನೂ ಉಳಿದಿರಬಹುದು. ಬೀರುವಿಗೆ ಹಣ ಕೊಡುವುದು ಒಂದು ಬಗೆಯ ದಾನವಾದರೆ ಆ ಹಾಳೆಯನ್ನು ದಿನಾಂಕ ಬರೆದು ತಂದೊಪ್ಪಿಸುವುದು ಅದಕ್ಕೆ ಕಡಮೆಯಾದ ದಾನವಲ್ಲ.

ಇಂಥ ಸ್ಮರಣಸಂಚಿಕೆಗಳಲ್ಲಿ ನಾವು ಸಹಜವಾಗಿ ಸಾಧನೆಗಳನ್ನೇ ನೆನೆಯುತ್ತೇವೆ, ಅದು ತಕ್ಕದ್ದೇ. ಹಬ್ಬದ ದಿನ ಮನೆಯ ಜಗಳ ತೆಗೆಯುವವರಿಲ್ಲ. ಆದರೆ ಸಂಚಿಕೆಯ ಹಿಂದೆ, ಗ್ರಂಥಾಲಯದ ಮೂಲೆಯಲ್ಲಿ, ಹೊಗಳಿಕೆಯನ್ನೂ ತೆಗಳಿಕೆಯನ್ನೂ ಒಂದೇ ದಾರದಲ್ಲಿ ಪೋಣಿಸಿದ ಒಂದು ಕಡತವಿರಲಿ. ಬಾರ್ನ್ಸ್ ತನ್ನ ಚಿತ್ರಗಳನ್ನು ಗೋಡೆಗೆ ಕಟ್ಟಿಹಾಕಿದನು, ಅವು ಕದಲಿದವು. ಅವನ ಷರತ್ತುಗಳನ್ನು ಕಾಲ ಸಡಿಲಿಸಿತು. ಆದರೂ ಅವನು ಏನು ಬಯಸಿದ್ದನು, ಅನಂತರ ಏನಾಯಿತು, ಯಾರು ಏನು ಹೇಳಿದರು ಎಂಬುದನ್ನು ಲೋಕ ಇಂದಿಗೂ ತಿಳಿಯಬಲ್ಲುದು. ದಾನಿಯ ಮಾತನ್ನು ಎಂದೆಂದಿಗೂ ನಡೆಸಿಕೊಡುವ ಶಕ್ತಿ ಯಾವ ಸಂಸ್ಥೆಗೂ ಇರಲಾರದು. ಆ ಮಾತು ಏನಾಗಿತ್ತು, ನಾವು ಅದನ್ನು ಹೇಗೆ ನಡೆಸಿದೆವು ಎಂಬುದನ್ನು ಮರೆಮಾಚದೆ ಉಳಿಸಿಕೊಡುವುದು ಮಾತ್ರ ಎಲ್ಲ ಸಂಸ್ಥೆಗಳಿಗೂ ಸಾಧ್ಯ. ಅಷ್ಟನ್ನಾದರೂ ನಾವು ಮಾಡೋಣ.